ಡಿಸ್ಚಾರ್ಜ್: ಸ್ಟೋಕ್ ಊರಿನ ಹುಡುಗರು, ಒಂದು ಡ್ರಮ್ ಏಟು, 1986ರ ಎಡವಟ್ಟು

ಸುತ್ತಿಗೆ_ಗುಂಡಣ್ಣ:

ಬ್ರಿಟಿಷ್ ಪಂಕ್ (ಎಪ್ಪತ್ತರ ದಶಕದ ಒರಟು, ವೇಗದ ರಾಕ್) ಅಂದ್ರೆ ನಮ್ಮವರಿಗೆ ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್, ಅಲ್ಲಿಗೆ ಮಂಗಳ. ಅಲ್ಲಿಂದ ನೇರ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾಗೆ ಜಿಗೀತೀರಿ. ನಡುವೆ ಏನಾಯ್ತು ಅಂತ ಯಾರೂ ಕೇಳಲ್ಲ. ಆ ನಡುವಿನ ಜಾಗದಲ್ಲಿ ಕೂತಿರೋದು ಡಿಸ್ಚಾರ್ಜ್ ಅನ್ನೋ ಬ್ಯಾಂಡ್. ಅದಕ್ಕೇ ಈ ಎಳೆ.

ನಾನು ಅವರನ್ನ ಹಿಂಬಾಗಿಲಿಂದ ಹೊಕ್ಕು ಕೇಳಿದವನು. ಮೆಟಾಲಿಕಾದವರು ಬೇರೆಯವರ ಹಾಡುಗಳನ್ನ ನುಡಿಸಿದ ಆಲ್ಬಮ್ 'ಗ್ಯಾರೇಜ್ ಇಂಕ್' ಬಂದದ್ದು 1998ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಎರಡು ವರ್ಷ ಆದ್ಮೇಲೆ, ಗೆಳೆಯ ಕಾಪಿ ಹೊಡೆದುಕೊಟ್ಟ ಕ್ಯಾಸೆಟ್ಟಿನಲ್ಲಿ. ಮೇಲೆ ಹಾಡಿನ ಹೆಸರೂ ಬರೆದಿರಲಿಲ್ಲ. ಮೊದಲ ಹಾಡು ಶುರುವಾಯ್ತು, ಅದೇ ರಿಫ್ (ಗಿಟಾರಿನ ಪುಟ್ಟ ತುಣುಕು), ಅದೇ ಸಾಲು, ಮತ್ತೆ ಅದೇ ಸಾಲು. ಟೇಪ್ ಸಿಕ್ಕಿಹಾಕೊಂಡಿದೆ ಅಂತ ಕ್ಯಾಸೆಟ್ ಹೊರಗೆ ತೆಗೆದು, ರೆನಾಲ್ಡ್ಸ್ ಪೆನ್ ತೂರಿಸಿ ಸುತ್ತಿ, ಮತ್ತೆ ಹಾಕಿದೆ. ಮತ್ತೂ ಅದೇ! ಹಾಡೇ ಹಾಗಿತ್ತು. 'ಫ್ರೀ ಸ್ಪೀಚ್ ಫಾರ್ ದ ಡಂಬ್'. ಆ ಆಲ್ಬಮ್ಮಿನ ಮೊದಲ ಡಿಸ್ಕ್ ಡಿಸ್ಚಾರ್ಜ್ ಹಾಡಿನಿಂದಲೇ ಶುರು, ಡಿಸ್ಚಾರ್ಜ್ ಹಾಡಿನಿಂದಲೇ ಮುಗಿಯೋದು. ಕೊನೇದು 'ದ ಮೋರ್ ಐ ಸೀ'. ಮೆಟಾಲಿಕಾ ಯಾರಿಗೆ ಸಾಲಗಾರರು ಅಂತ ಅವರೇ ಎರಡೂ ತುದಿಗೆ ಮೊಳೆ ಹೊಡೆದು ಹೇಳಿದಾರೆ.

ಈಗ ಕಥೆಗೆ ಬರ್ತೀನಿ. 1977, ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್. ಟೆರ್ರಿ 'ಟೆಜ್' ರಾಬರ್ಟ್ಸ್ ಹಾಡೋನು, ತಮ್ಮ 'ಬೋನ್ಸ್' ಗಿಟಾರ್, ರಾಯ್ 'ರೈನಿ' ವೇನ್‌ರೈಟ್ ಎರಡನೇ ಗಿಟಾರ್, ಬೇಸ್ ಮತ್ತು ಡ್ರಮ್‌ಗೆ ಇನ್ನಿಬ್ಬರು. ಆಗ ಅವರು ಪಿಸ್ಟಲ್ಸ್ ನಕಲು ಮಾಡ್ತಿದ್ದ ನೂರಾರು ಹುಡುಗರ ಗುಂಪಲ್ಲಿ ಒಂದು, ಅಷ್ಟೆ. 1979ರ ಹೊತ್ತಿಗೆ ಕುರ್ಚಿ ಆಟ ನಡೀತು. ಡ್ರಮ್ಮರ್ ಹೋದ. ಹಾಡ್ತಿದ್ದ ಟೆಜ್ ಡ್ರಮ್ ಹಿಂದೆ ಕೂತ. ರೈನಿ ಗಿಟಾರ್ ಬಿಟ್ಟು ಬೇಸ್ ಹಿಡಿದ. ಸಾಮಾನು ಹೊರೋಕೆ ಜೊತೆಗೆ ಬರ್ತಿದ್ದ ಕೆಲ್ವಿನ್ 'ಕ್ಯಾಲ್' ಮಾರಿಸ್ ಮೈಕ್ ಹಿಡಿದ. ಹೊರಗಿನಿಂದ ನೋಡಿದ್ರೆ ಇದು ಕೈಗೆ ಸಿಕ್ಕಿದ್ದನ್ನ ಸಿಕ್ಕಲ್ಲಿ ತುರುಕಿದ ಹಾಗೆ. ಆದ್ರೆ ಅಲ್ಲಿಂದ ಅದು ಬೇರೆಯೇ ಬ್ಯಾಂಡ್.

1980ರ ಏಪ್ರಿಲ್‌ನಲ್ಲಿ 'ರಿಯಾಲಿಟೀಸ್ ಆಫ್ ವಾರ್'. ನಾಲ್ಕು ಹಾಡಿನ ಏಳಿಂಚಿನ ತಟ್ಟೆ, ಕ್ಲೇ ರೆಕಾರ್ಡ್ಸ್ ಅನ್ನೋ ಊರಿನದೇ ಲೇಬಲ್ಲಿನ ಮೊಟ್ಟಮೊದಲ ಬಿಡುಗಡೆ. ಬಿಬಿಸಿ ರೇಡಿಯೋದಲ್ಲಿ ನಿರೂಪಕ ಜಾನ್ ಪೀಲ್ ಹಾಕಿದ್ರು. ಅದೇ ವರ್ಷ 'ಫೈಟ್ ಬ್ಯಾಕ್', 'ಡಿಕಂಟ್ರೋಲ್'. 1981ರಲ್ಲಿ 'ವೈ', ಅದು ಸಣ್ಣ ಸ್ವತಂತ್ರ ಲೇಬಲ್ಲುಗಳ ಇಂಡಿ ಚಾರ್ಟ್‌ನಲ್ಲಿ ಮೊದಲ ಸ್ಥಾನ. ಅದೇ ವರ್ಷದ 'ನೆವರ್ ಅಗೇನ್' ದೇಶದ ಮುಖ್ಯ ಸಿಂಗಲ್ಸ್ ಚಾರ್ಟ್‌ಗೇ ನುಗ್ಗಿ 64ಕ್ಕೆ ಹೋಯ್ತು. 1982ರ ಮೇ ತಿಂಗಳಲ್ಲಿ 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್'. 14 ಹಾಡು, ಅರ್ಧ ಗಂಟೆಗೂ ಕಮ್ಮಿ, ಆಲ್ಬಮ್ ಚಾರ್ಟ್‌ನಲ್ಲಿ 40.

ನನ್ನ ವಾದ ಒಂದೇ. ಬೇರೆ ಬ್ಯಾಂಡುಗಳು ಕೂಡಿಸ್ತಾ ಹೋದ್ವು, ಇವರು ಕಳೀತಾ ಹೋದ್ರು. ರಾಗ ತೆಗೆದ್ರು, ಪಲ್ಲವಿ-ಚರಣ ತೆಗೆದ್ರು, ತಮಾಷೆ ತೆಗೆದ್ರು, ಪ್ರೇಮ ತೆಗೆದ್ರು. ಉಳಿದಿದ್ದು ಯುದ್ಧದ ಬಗ್ಗೆ ಮೂರು ಸಾಲು, ಒಂದು ರಿಫ್, ಒಂದು ಏಟು. ಕಳೀತಾ ಇದ್ದಷ್ಟು ದಿನ ಅವರಿಗೆ ಸಾಟಿ ಇರಲಿಲ್ಲ. ಕೂಡಿಸೋಕೆ ಹೋದ ದಿನ ಮುಗ್ಗರಿಸಿ ಬಿದ್ರು. ಬನ್ನಿ, ಜಗಳ ಆಡಿ.


ಕರಾವಳಿ_ಕಿವುಡ:

ಜಗಳಕ್ಕೆ ಬಂದೆ ಮಾರಾಯ್ರೆ. ಕಳೆದರು ಕಳೆದರು ಅಂತೀರಲ್ಲ, ಇದ್ದದ್ದನ್ನು ಕಳೆಯುವುದು ಬೇರೆ, ಮೊದಲೇ ಇಲ್ಲದ್ದನ್ನು "ಕಳೆದೆ" ಅಂತ ಹೇಳುವುದು ಬೇರೆ. ನುಡಿಸಲಿಕ್ಕೆ ಬರುವುದಿಲ್ಲ, ಹಾಗಾಗಿ ಒಂದೇ ಬಡಿತ. ಅದಕ್ಕೆ ನೀವು ಸಿದ್ಧಾಂತ ಕಟ್ಟಿದ್ದೀರಿ. ನಾನು ಒಂದು ಹಾಡು ಹಾಕಿದೆ, ಅಮ್ಮ ಒಳಗಿನಿಂದ "ಮಿಕ್ಸಿಗೆ ಏನು ಹಾಕಿದ್ದೀಯಾ, ಚಮಚ ಬಿತ್ತಾ ನೋಡು" ಅಂತ ಕೂಗಿದರು.


ಹುಬ್ಬಳ್ಳಿ_ಪೆಡಲ್:

ಕಿವುಡಣ್ಣಾ, ಹೆಸರಿಗೆ ತಕ್ಕಂಗ ಮಾತಾಡಿದಿ ನೋಡು. ನಾ ಹನ್ನೆರಡು ವರ್ಷದಿಂದ ಡ್ರಮ್ ಬಾರಸ್ತೀನಿ, ಮದುವಿ ಆರ್ಕೆಸ್ಟ್ರಾದಾಗೂ ಬಾರಿಸೇನಿ, ಮೆಟಲ್ ಬ್ಯಾಂಡಿನ್ಯಾಗೂ ಬಾರಿಸೇನಿ. ಈ ಏಟಿಗೆ ಜಗತ್ತಿನ ಡ್ರಮ್ಮರುಗಳು ಒಂದು ಹೆಸರು ಇಟ್ಟಾರ, ಡಿ-ಬೀಟ್ ಅಂತ. ಡಿ ಅಂದ್ರ ಡಿಸ್ಚಾರ್ಜ್. ಒಂದು ಬ್ಯಾಂಡಿನ ಹೆಸರು ತಾಳಕ್ಕ ಬಂದದ್ದು ಎಷ್ಟು ಸಲ ಕೇಳೀರಿ?

ಈಗ ಟೇಬಲ್ ಮುಂದ ಕುಂತಿದ್ರ ಮಾಡಿ ನೋಡ್ರಿ. ಒಂದರಿಂದ ಎಂಟರತನಕ ಒಂದೇ ಸಮ ಎಣಸ್ರಿ. ಬಲಗಾಲಿನ ಹಿಮ್ಮಡಿ ನೆಲಕ್ಕ ಬೀಳೂದು 1, 4, 6ಕ್ಕ. ಎಡಗೈ ಟೇಬಲ್ಲಿಗೆ ಬೀಳೂದು 3 ಮತ್ತ 7ಕ್ಕ. ಬಲಗೈ 1, 3, 5, 7ಕ್ಕ ಬಡೀತಿರಬೇಕು, ಅದು ಸಿಂಬಲ್. ಬಾಯಾಗ ಹೇಳೂದಾದ್ರ: ಧುಂ, ಖಾಲಿ, ಟಕ್, ಧುಂ, ಖಾಲಿ, ಧುಂ, ಟಕ್, ಖಾಲಿ.

ಇದರಾಗ ಮಜಾ ಎಲ್ಲೈತಿ ಅಂದ್ರ, 5ರೊಳಗ ಐತಿ. ಸಾದಾ ತಾಳದಾಗ 5ಕ್ಕ ಕಾಲು ಬೀಳಬೇಕು. ಕಿವಿ ಅದಕ್ಕs ಕಾಯ್ತಿರತೈತಿ. ಇಲ್ಲಿ ಬೀಳಂಗಿಲ್ಲ. ಅದರ ಮುಂಚೆ 4ಕ್ಕ ಒಂದು, ದಾಟಿದ ಮ್ಯಾಲೆ 6ಕ್ಕ ಒಂದು. ಮೆಟ್ಟಲ ಇಳಿಯೂ ಮುಂದ ಒಂದು ಮೆಟ್ಟಲ ಇಲ್ಲಂದ್ರ ಮೈ ಹೆಂಗ ಮುಂದಕ್ಕ ಮುಗ್ಗರಸತೈತಿ, ಹಂಗ. ಅದಕ್ಕs ಈ ತಾಳ ಓಡತಿರೂ ಹಂಗ ಕೇಳತೈತಿ. ಸಾದಾ ಪಂಕಿನ ಧುಂಟಕ್-ಧುಂಟಕ್ ಎಷ್ಟ ಜೋರ ಬಾರಿಸಿದ್ರೂ ನಿಂತಲ್ಲೇ ಕುಣೀತೈತಿ.

ಹಿಂದ ಯಾರೂ ಬಾರಿಸಿರಲಿಲ್ಲ ಅನ್ನಂಗಿಲ್ಲ. ಬಝ್‌ಕಾಕ್ಸ್ ಬ್ಯಾಂಡಿನ 1978ರ ಮೊದಲ ಆಲ್ಬಮ್ಮಿನ್ಯಾಗ 'ಯು ಟೇರ್ ಮಿ ಅಪ್' ಅಂತ ಹಾಡು ಐತಿ, ಅದರಾಗ ಇದರ ಅಣ್ಣ ಸಿಗ್ತಾನ. ಮೋಟರ್‌ಹೆಡ್ ಕಡೆಯಿಂದ ವೇಗಾನೂ ಬಂದೈತಿ. ಆದ್ರ ಅವರಿಗೆ ಅದು ಒಂದು ಹಾಡಿಗೆ ಒಂದು ತಾಳ. ಟೆಜ್ ಅದನ್ನ ಇಡೀ ಬ್ಯಾಂಡಿನ ಬೆನ್ನೆಲುಬು ಮಾಡಿದ.


ಸುತ್ತಿಗೆ_ಗುಂಡಣ್ಣ:

ಪೆಡಲ್ ಅವರಿಗೆ ಒಂದು ಹೋಳಿಗೆ ಜಾಸ್ತಿ. ಒಂದು ಸೇರಿಸ್ತೀನಿ: ತಾಳ ಹುಟ್ಟಿಸಿದ ಟೆಜ್ 1981ರಲ್ಲೇ ಬ್ಯಾಂಡ್ ಬಿಟ್ಟ. 'ವೈ' ರೆಕಾರ್ಡಿನಲ್ಲಿ ಬಾರಿಸಿರೋದು ದಿ ಇನ್ಸೇನ್ ಬ್ಯಾಂಡಿನ ಬ್ಯಾಂಬಿ. ಆಮೇಲೆ ವರೂಕರ್ಸ್ ಕಡೆಯಿಂದ ಗ್ಯಾರಿ ಮಲೋನಿ ಬಂದು 1982ರ ಆಲ್ಬಮ್ಮಿಗೆ ಬಾರಿಸಿದ. ಅಂದ್ರೆ ತಾಳಕ್ಕೆ ಹೆಸರು ಬಂದಿದ್ದು ಬ್ಯಾಂಡಿಂದ, ಒಬ್ಬ ಡ್ರಮ್ಮರಿಂದಲ್ಲ. ಮೂರು ಜನ ಬದಲಾದ್ರೂ ಏಟು ಬದಲಾಗಲಿಲ್ಲ.

ಕಿವುಡ ಅವರೇ, "ನುಡಿಸೋಕೆ ಬರಲ್ಲ" ಅನ್ನೋದಕ್ಕೆ ಬೋನ್ಸ್ ಗಿಟಾರ್ ಕೇಳಿ ಉತ್ತರ ಹೇಳಿ. ಕೆಲವು ಹಾಡಲ್ಲಿ ಸೋಲೋ ಇದೆ. ಕಾಲು ನಿಮಿಷಕ್ಕೆ ಬಂದು ಕಿರುಚಿ ಹೋಗುತ್ತೆ. ಬರದೇ ಇರೋನು ಒಂದೋ ಸೋಲೋನೇ ಇಡಲ್ಲ, ಇಲ್ಲಾಂದ್ರೆ ಎರಡು ನಿಮಿಷ ಎಳೀತಾನೆ.


ಕರಾವಳಿ_ಕಿವುಡ:

ಟೇಬಲ್ ಬಡಿದು ನೋಡಿದೆ. 4 ಮತ್ತು 6ರ ಹತ್ತಿರ ಕಾಲು ಯಾರದ್ದೋ ಅನ್ನುವ ಹಾಗಾಯಿತು. ಸುಲಭ ಅಲ್ಲ ಅಂತ ಒಪ್ಪಿದೆ. ಚಂದ ಅಂತ ಒಪ್ಪಿಲ್ಲ.


ಟ್ರೆಂಟ್_ದಂಡೆ:

ನಾನು ಇರೋದು ಸ್ಟೋಕ್‌ನಲ್ಲೇ, ಇದು ಹನ್ನೊಂದನೇ ವರ್ಷ. ಸಂಗೀತದ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಊರಿನ ಬಗ್ಗೆ ಹೇಳಬಲ್ಲೆ.

ಹೊರಗಿನವರು ಸ್ಟೋಕ್ ಅಂದ್ರೆ ಒಂದು ಊರು ಅಂದ್ಕೋತಾರೆ. ಇದು ಆರು ಊರು ಕೂಡಿದ್ದು: ಟನ್‌ಸ್ಟಲ್, ಬರ್ಸ್ಲಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್. ಪೇಟೆ ಅಂತ ಇರೋದು ಹ್ಯಾನ್ಲಿಯಲ್ಲಿ, ರೈಲು ನಿಲ್ಲೋದು ಸ್ಟೋಕ್‌ನಲ್ಲಿ. ಹೊಸಬರು ಇಳಿದು ಪೇಟೆ ಹುಡುಕ್ತಾ ನಿಲ್ತಾರೆ, ನಾನೂ ನಿಂತಿದ್ದೆ. ಇಡೀ ಪ್ರದೇಶಕ್ಕೆ 'ಪಾಟರೀಸ್' ಅಂತ ಹೆಸರು. ವೆಡ್ಜ್‌ವುಡ್ ಪಿಂಗಾಣಿ ಇಲ್ಲಿಯದೇ. ಹೊಟ್ಟೆ ದಪ್ಪಗಿದ್ದು ಕತ್ತು ಸಣ್ಣಗಿರೋ, ಶೀಸೆ ಹಾಗೆ ಕಾಣೋ ಇಟ್ಟಿಗೆ ಗೂಡುಗಳು ಈಗಲೂ ಅಲ್ಲಲ್ಲಿ ಉಳಿದಿವೆ, ಒಳಗೆ ಬೆಂಕಿ ಇಲ್ಲ ಅಷ್ಟೆ. ಇಲ್ಲಿನವರು ಎಲ್ಲಿ ಊಟಕ್ಕೆ ಕೂತರೂ ಮೊದಲು ತಟ್ಟೆ ಮಗುಚಿ ಹಿಂದೆ ಯಾವ ಕಾರ್ಖಾನೆಯ ಮುದ್ರೆ ಇದೆ ಅಂತ ನೋಡ್ತಾರೆ. ನನ್ನ ಮಗಳೂ ಕಲ್ತಿದ್ದಾಳೆ. ಊರಿಗೆ ಬಂದಾಗ ಮದುವೆ ಮನೇಲಿ ಸ್ಟೀಲ್ ತಟ್ಟೆ ಮಗುಚಿ ನೋಡಿದ್ಲು, ಪಲ್ಯ ಬಡಿಸೋಕೆ ಬಂದವರು ಬಕೆಟ್ ಹಿಡ್ಕೊಂಡು ಹಾಗೇ ನಿಂತ್ರು.

ಹಾಗಾಗಿ ಆ ಲೇಬಲ್ಲಿಗೆ ಕ್ಲೇ ಅಂತ ಹೆಸರಿಟ್ಟಿದ್ದು ನನಗೆ ತುಂಬಾ ಇಷ್ಟ ಆಯ್ತು. ಜೇಡಿಮಣ್ಣು! ಊರು ಬೆಳೆದಿದ್ದೇ ಅದರಿಂದ. ಲೇಬಲ್ ನಡೆಸಿದ್ದು ಮೈಕ್ ಸ್ಟೋನ್, ಹ್ಯಾನ್ಲಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದವರು.

ಮಣ್ಣು, ಕಲ್ಲಿದ್ದಲು, ಕಬ್ಬಿಣ, ಊರಿಗೆ ಮೂರೇ ಕಸುಬು. ಶೆಲ್ಟನ್ ಬಾರ್ ಅನ್ನೋ ಉಕ್ಕಿನ ಕಾರ್ಖಾನೆಯಲ್ಲಿ ಉಕ್ಕು ಕರಗಿಸೋದು ನಿಂತಿದ್ದು 1978ರಲ್ಲಿ. 1979ರಲ್ಲಿ ಥ್ಯಾಚರ್ ಪ್ರಧಾನಿಯಾಗಿ ಬಂದ್ರು. 1982ಕ್ಕೆ ದೇಶದಲ್ಲಿ ನಿರುದ್ಯೋಗಿಗಳು 30 ಲಕ್ಷ ದಾಟಿದ್ರು. ಲಂಡನ್ನಿನ ಪಂಕ್ ಹುಡುಗರಿಗೆ ಬಟ್ಟೆ ಅಂಗಡಿ, ಆರ್ಟ್ ಕಾಲೇಜು, ಪತ್ರಿಕೆಯವರು ಎಲ್ಲ ಕೈಗೆಟುಕ್ತಿದ್ರು. ಇಲ್ಲಿನ ಹುಡುಗರಿಗೆ ಬಸ್ ನಿಲ್ದಾಣ. ಸಂಗೀತದಿಂದ ಅಲಂಕಾರ ಹೋಗಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಆದರೆ ಬಡತನವೇ ಎಲ್ಲಕ್ಕೂ ಕಾರಣ ಅಂದ್ರೆ ಇಲ್ಲಿನವರಿಗೆ ಸಿಟ್ಟು ಬರುತ್ತೆ. ಬಸ್ಸಿನ ಡ್ರೈವರ್‌ನಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರನ್ನೂ 'ಡಕ್' ಅಂತ ಅಕ್ಕರೆಯಿಂದ ಕರೆಯೋ ಊರು ಇದು. ಇಲ್ಲಿಂದ ಇಷ್ಟು ಕೋಪದ ಹಾಡು ಹೇಗೆ ಬಂತು ಅಂತ ನನಗೆ ಇನ್ನೂ ಸೋಜಿಗ.


ಹಳೇ_ಕ್ಯಾಸೆಟ್:

ಕೋಪ ಎಲ್ಲಿಂದ ಬಂತು ಅಂದರೆ, ಟ್ರೆಂಟ್ ಮೇಡಂ, ಅರ್ಧ ಊರಿಂದ, ಇನ್ನರ್ಧ ಅಂಚೆ ಕಚೇರಿಯ ಕಿರುಹೊತ್ತಗೆಯಂಥ ಒಂದು ಸರಕಾರಿ ಪ್ರಕಟಣೆಯಿಂದ.

1980ರಲ್ಲಿ ಬ್ರಿಟಿಷ್ ಸರಕಾರ 'ಪ್ರೊಟೆಕ್ಟ್ ಅಂಡ್ ಸರ್ವೈವ್' ಅಂತ ಒಂದು ಪುಸ್ತಿಕೆ ಮಾರಾಟಕ್ಕೆ ಬಿಟ್ಟಿತು. ಬೆಲೆ 50 ಪೆನ್ಸ್. ಅಣುಬಾಂಬು ಬಿದ್ದರೆ ಮನೆಮಂದಿ ಏನು ಮಾಡಬೇಕು ಅನ್ನೋ ಸೂಚನೆ. ಕಿಟಕಿ ಗಾಜಿಗೆ ಬಿಳಿ ಬಣ್ಣ ಬಳಿಯಿರಿ, ಶಾಖ ಹಿಂದಿರುಗುತ್ತದೆ. ಒಳಗಿನ ಬಾಗಿಲುಗಳನ್ನು ಕಿತ್ತು ಗೋಡೆಗೆ ಓರೆಯಾಗಿ ಒರಗಿಸಿ, ಅದರ ಮೇಲೆ ಮಣ್ಣಿನ ಚೀಲ ಪೇರಿಸಿ, ಕೆಳಗೆ ನುಸುಳಿಕೊಳ್ಳಿ. 14 ದಿನದ ಊಟ, ನೀರು ಇಟ್ಟುಕೊಳ್ಳಿ. ಚಿತ್ರ ಸಮೇತ ಇದೆ. ಮಳೆಗಾಲಕ್ಕೆ ಮುಂಚೆ ಹೆಂಚು ಹೇಗೆ ಕೈಯಾಡಿಸಬೇಕು ಅಂತ ಹೇಳುವಷ್ಟೇ ಸಮಾಧಾನದ ಧಾಟಿ. ಅದೇ ಜನರನ್ನು ಕೆರಳಿಸಿದ್ದು. ಇತಿಹಾಸಕಾರ ಇ. ಪಿ. ಥಾಮ್ಸನ್ ಅದೇ ವರ್ಷ ಒಂದಕ್ಷರ ತಿರುಚಿದ ಹಾಗೆ 'ಪ್ರೊಟೆಸ್ಟ್ ಅಂಡ್ ಸರ್ವೈವ್' ಅಂತ ಉತ್ತರ ಬರೆದರು. ಎರಡು ವರ್ಷದ ನಂತರ ಡಿಸ್ಚಾರ್ಜ್ ಆಲ್ಬಮ್ಮಿನ ನಾಲ್ಕನೇ ಹಾಡಿನ ಹೆಸರೂ ಅದೇ.

ಆಗ ಇದೆಲ್ಲ ಬರೀ ಮಾತಾಗಿರಲಿಲ್ಲ. ಅಮೆರಿಕದ ಅಣ್ವಸ್ತ್ರದ ಕ್ರೂಸ್ ಕ್ಷಿಪಣಿಗಳನ್ನು ಬ್ರಿಟನ್ನಿನಲ್ಲಿ ಇಡುವುದು ಅಂತ ನೇಟೋ 1979ರಲ್ಲೇ ತೀರ್ಮಾನಿಸಿತ್ತು. 1981ರಲ್ಲಿ ಅದನ್ನು ವಿರೋಧಿಸಿ ಹೆಂಗಸರು ಗ್ರೀನಮ್ ಕಾಮನ್ ವಾಯುನೆಲೆಯ ಬೇಲಿಯ ಹೊರಗೆ ಡೇರೆ ಹಾಕಿ ಕೂತರು. ಆಲ್ಬಮ್ ಬಂದ 1982ರ ಮೇ ತಿಂಗಳಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧ ನಡೀತಾ ಇತ್ತು, ಪತ್ರಿಕೆಗಳು ಜಯಘೋಷ ಮಾಡ್ತಿದ್ದವು. ಆ ತಿಂಗಳಲ್ಲಿ ಅಂಗಡಿಗೆ ಹೋಗಿ ಈ ಆಲ್ಬಮ್ ಕೊಳ್ಳುವುದಕ್ಕೆ ಒಂದು ಅರ್ಥ ಇತ್ತು.

ಕ್ಯಾಲ್ ಸಾಹಿತ್ಯದ ಬಗ್ಗೆ ಒಂದು ಮಾತು. ಅದು ಕವಿತೆ ಅಲ್ಲ, ವಾರ್ತೆಯ ತಲೆಬರಹ. ಎರಡು-ಮೂರು ಸಾಲು, ವಿಶೇಷಣ ಇಲ್ಲ, "ನಾನು" ಅನ್ನೋದು ಬಹಳ ಅಪರೂಪ. ಅದನ್ನೇ ಮತ್ತೆ ಮತ್ತೆ ಕಿರುಚುವುದು. ಗುಂಡಣ್ಣನಿಗೆ ಟೇಪ್ ಸಿಕ್ಕಿಹಾಕಿಕೊಂಡ ಹಾಗೆ ಕೇಳಿದ್ದು ತಪ್ಪಲ್ಲ. ರೇಡಿಯೋದಲ್ಲಿ ಎಚ್ಚರಿಕೆ ಪ್ರಕಟಣೆ ಮತ್ತೆ ಮತ್ತೆ ಬರುವುದೂ ಹಾಗೇ ಅಲ್ಲವೆ.


ಒಗ್ಗರಣೆ_ಡಬ್ಬಿ:

ಎಲ್ಲ ಸರಿ, ಆದ್ರೆ ಆ ಕವರ್‌ಗಳ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. 'ವೈ' ಕವರ್ ಮೇಲೆ ಹೆಣಗಳ ಫೋಟೋ. ಯಾರದೋ ಮನೆಯವರು ಅವರು. ಯುದ್ಧ ವಿರೋಧಿಸ್ತೀವಿ ಅಂತ ಸತ್ತವರ ಚಿತ್ರ ಹಾಕಿ ರೆಕಾರ್ಡ್ ಮಾರೋದು ನನಗೆ ಒಪ್ಪಿಗೆ ಆಗಲ್ಲ. ಆಮೇಲೆ ಅದೇ ಚಿತ್ರದ ಟೀ ಶರ್ಟ್, ಅದೇ ಚಿತ್ರದ ಪ್ಯಾಚ್. ಯುದ್ಧದ ಕ್ರೌರ್ಯ ಕೊನೆಗೆ ಜಾಕೆಟ್‌ನ ಅಲಂಕಾರ. ಅಲಂಕಾರ ತೆಗೆದ್ರು ಅಂದ್ರಲ್ಲ ಅಕ್ಕ, ಇದೇನು?


ಟ್ರೆಂಟ್_ದಂಡೆ:

ಈ ಪ್ರಶ್ನೆ ನನಗೂ ಇತ್ತು ಕಣೇ, ಕೇಳೋ ಧೈರ್ಯ ಇರಲಿಲ್ಲ.


ಹಳೇ_ಕ್ಯಾಸೆಟ್:

ಡಬ್ಬಿ ಅವರೆ, ನಿಮ್ಮ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಆದರೆ ಎರಡು ಬಗೆಯ ಚಿತ್ರ ಇವೆ, ಒಂದೇ ತಕ್ಕಡಿಗೆ ಹಾಕಬೇಡಿ.

'ನೆವರ್ ಅಗೇನ್' ಕವರ್ ಮೇಲಿರೋದು ಬಂದೂಕಿನ ಬಾಯೊನೆಟ್ಟಿಗೆ ಚುಚ್ಚಿಕೊಂಡ ಬಿಳಿ ಪಾರಿವಾಳ. ಅದು ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್ 1932ರಲ್ಲಿ ಫೋಟೋಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಚಿತ್ರ. ಹಿಟ್ಲರ್ ಅಧಿಕಾರಕ್ಕೆ ಬರುವ ಮುಂಚಿನದು. ಐವತ್ತು ವರ್ಷ ಹಳೆಯ ಚಿತ್ರ ಸ್ಟೋಕ್‌ನ ಹುಡುಗರ ಏಳಿಂಚಿನ ತಟ್ಟೆಯ ಮೇಲೆ ಬಂದು ಕೂತಿದೆ, ಅದಕ್ಕೆ ಯಾರ ಹೆಣವೂ ಬೇಕಾಗಲಿಲ್ಲ. ನನಗೆ ಅವರ ಕವರ್‌ಗಳಲ್ಲೆಲ್ಲ ಅದೇ ಹೆಚ್ಚು ಚುಚ್ಚುತ್ತದೆ.

ಇನ್ನೊಂದು, 'ಹಿಯರ್ ನಥಿಂಗ್' ಆಲ್ಬಮ್ಮಿನಲ್ಲಿ ಒಂದು ಹಾಡಿದೆ. ಹೆಸರೇ ಒಂದು ಪ್ರಶ್ನೋತ್ತರ: "ಪ್ರ: ಮಕ್ಕಳು ಕೂಡ? ಉ: ಮಕ್ಕಳು ಕೂಡ" ಅನ್ನೋ ಅರ್ಥದ್ದು. ಇದು ಕ್ಯಾಲ್ ಕಟ್ಟಿದ ಮಾತಲ್ಲ. ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡದಲ್ಲಿದ್ದ ಒಬ್ಬ ಅಮೆರಿಕನ್ ಸೈನಿಕನನ್ನು 1969ರಲ್ಲಿ ಟಿವಿಯಲ್ಲಿ ಮೈಕ್ ವಾಲೇಸ್ ಸಂದರ್ಶನ ಮಾಡಿದಾಗ ಬಂದ ಪ್ರಶ್ನೆ, ಬಂದ ಉತ್ತರ. ನ್ಯೂಯಾರ್ಕಿನ ಕಲಾವಿದರು ಅದನ್ನೇ ಪೋಸ್ಟರ್ ಮಾಡಿ, ಹೆಣಗಳ ಫೋಟೋ ಮೇಲೆ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಅಲ್ಲಿ ಚಿತ್ರ ಮತ್ತು ಮಾತು ಒಂದಕ್ಕೊಂದು ಸಾಕ್ಷಿ. 'ವೈ' ಕವರ್‌ನಲ್ಲಿ ಆ ಸಾಕ್ಷಿ ಇಲ್ಲ, ಬರೀ "ಯಾಕೆ" ಅಂತ ಒಂದು ಪದ. ಅಲ್ಲಿಗೆ ನಿಮ್ಮ ಆಕ್ಷೇಪ ಸರಿ ಅಂತಲೇ ಇಟ್ಟುಕೊಳ್ಳಿ.


ಒಗ್ಗರಣೆ_ಡಬ್ಬಿ:

ಮೈ ಲಾಯ್ ವಿಷಯ ಗೊತ್ತಿರಲಿಲ್ಲ. ಹಾಡು ಮತ್ತೆ ಕೇಳಿದೆ, ಈಗ ಕೇಳೋಕಾಗ್ತಿಲ್ಲ, ಬೇರೆ ಕಾರಣಕ್ಕೆ. ಟೀ ಶರ್ಟ್ ಬಗ್ಗೆ ನನ್ನ ಮಾತು ಹಾಗೇ ಇದೆ.


ಹುಬ್ಬಳ್ಳಿ_ಪೆಡಲ್:

ಮುಂದ 1986 ಅಂತ ಹೆಸರಿನ್ಯಾಗ ಹಾಕಿ ಬಿಟ್ಟೀರಲ್ಲ ಗುಂಡಣ್ಣ, ಅದನ್ನ ಹೇಳ್ರಿ. ಗಾಯ ಕೆರ್ಯೂದ್ರಾಗs ಸುಖಾ ಐತಿ.


ಸುತ್ತಿಗೆ_ಗುಂಡಣ್ಣ:

ಹೇಳ್ತೀನಿ. 1982ರ ಕೊನೆಗೆ ಬೋನ್ಸ್ ಹೊರಟ, ಬ್ರೋಕನ್ ಬೋನ್ಸ್ ಅಂತ ತನ್ನದೇ ಬ್ಯಾಂಡ್ ಕಟ್ಟಿದ. ಬದಲಿಗೆ ಪೂಚ್ ಅನ್ನೋನು ಬಂದ. 1983ರಲ್ಲಿ ಸಿಗರೇಟು ಪ್ಯಾಕಿನ ಎಚ್ಚರಿಕೆ ಅಣಕಿಸಿ "ಹರ್ ಮೆಜೆಸ್ಟೀಸ್ ಗವರ್ನ್‌ಮೆಂಟ್ ನಿಮ್ಮ ಆರೋಗ್ಯಕ್ಕೆ ಹಾನಿಕರ" ಅನ್ನೋ ಅರ್ಥದ ಹೆಸರಿಟ್ಟು ಒಂದು ಇಪಿ, ಅಂದ್ರೆ ಕೆಲವೇ ಹಾಡಿನ ಪುಟ್ಟ ರೆಕಾರ್ಡ್. ಇವರ ಇಡೀ ಬದುಕಲ್ಲಿ ಸಿಕ್ಕಿದ ಒಂದೇ ಜೋಕ್ ಇದಿರಬೇಕು. ಆಗಲೇ ಗಿಟಾರ್ ಮೆಟಲ್ ಕಡೆ ವಾಲ್ತಾ ಇತ್ತು. 1984ರ 'ದ ಮೋರ್ ಐ ಸೀ'ಯಲ್ಲಿ ವೇಗ ತಗ್ಗಿತು, ಆದ್ರೂ ಅದು ಒಳ್ಳೇ ಹಾಡು. 1985ರ 'ಇಗ್ನೊರೆನ್ಸ್'. 1986ಕ್ಕೆ 'ಗ್ರೇವ್ ನ್ಯೂ ವರ್ಲ್ಡ್'.

ಅದನ್ನ ಹಾಕಿದವನು ಕವರ್ ತಿರುಗಿಸಿ ಬೇರೆ ಬ್ಯಾಂಡ್‌ದು ಸಿಕ್ತಾ ಅಂತ ನೋಡ್ತಾನೆ. ಡಿ-ಬೀಟ್ ಇಲ್ಲ. ಎಳೆದೆಳೆದು ಆಡೋ ಮೆಟಲ್ ಹಾಡುಗಳು. ಎದೆಯಿಂದ ಬೊಗಳ್ತಿದ್ದ ಕ್ಯಾಲ್, ಮೂಗು-ನೆತ್ತಿಯಿಂದ ಕೀಚಲು ಕಂಠದಲ್ಲಿ ರಾಗ ತೆಗೀತಾನೆ. ಕೂದಲೂ ಬದಲಾಗಿತ್ತು. ಆ ವರ್ಷ ಅಮೆರಿಕ ಪ್ರವಾಸ ಹೋದಾಗ ನ್ಯೂಯಾರ್ಕಿನಲ್ಲಿ ಜನ ಕೈಗೆ ಸಿಕ್ಕಿದ್ದೆಲ್ಲ ವೇದಿಕೆಗೆ ಎಸೆದ್ರು. ಬೇಗ ಬ್ಯಾಂಡೇ ಮುಚ್ಚಿಹೋಯ್ತು.

ನಾಲ್ಕು ವರ್ಷದ ಹಿಂದೆ ಜಗತ್ತಿಗೇ ಹೊಸ ದಾರಿ ಹಾಕಿಕೊಟ್ಟವರು, ಬೇರೆಯವರ ದಾರೀಲಿ ಹಿಂದಿನ ಸಾಲಲ್ಲಿ ನಿಂತ್ರು. ನನಗೆ ಸಿಟ್ಟು ಬರೋದು ಅದಕ್ಕೆ.


ಹಳೇ_ಕ್ಯಾಸೆಟ್:

ಇಲ್ಲಿ ನಾನು ಎದುರು ಪಕ್ಷ.

ಒಂದೇ ಮೂರು ಸಾಲು, ಒಂದೇ ಏಟು, ಎಷ್ಟು ವರ್ಷ ಹೊಡೀಬೇಕು ಸ್ವಾಮಿ? ನೀವೇ ಹೇಳಿದಿರಿ, ಕಳೆಯುತ್ತಾ ಹೋದರು ಅಂತ. 14 ಹಾಡು ಅರ್ಧ ಗಂಟೆಯೊಳಗೆ ಮುಗಿದ ಮೇಲೆ ಕಳೆಯಲಿಕ್ಕೆ ಇನ್ನೇನು ಉಳಿದಿತ್ತು? ಮುಂದಿನ ಹೆಜ್ಜೆ ಅಂದರೆ ಹಾಡನ್ನೇ ಕಳೆಯಬೇಕಿತ್ತು. ಆ ಕೆಲಸವನ್ನು ಬರ್ಮಿಂಗ್‌ಹ್ಯಾಮಿನ ನೇಪಾಮ್ ಡೆತ್ ಮಾಡಿದರು, 1987ರ 'ಸ್ಕಮ್' ಆಲ್ಬಮ್ಮಿನಲ್ಲಿ ಒಂದು ಸೆಕೆಂಡು ಚಿಲ್ಲರೆಯ ಹಾಡೇ ಇದೆ. ಡಿಸ್ಚಾರ್ಜ್ ಆ ಗೋಡೆಗೆ ಬಂದು ಮುಟ್ಟಿಯಾಗಿತ್ತು. ತಿರುಗಲೇಬೇಕು, ಯಾವ ಕಡೆಗೆ ಅನ್ನುವುದಷ್ಟೇ ಪ್ರಶ್ನೆ.

ಆಲ್ಬಮ್ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಕ್ಯಾಲ್ ದನಿ ಕೇಳಿದರೆ ನನಗೂ ಹಲ್ಲು ಜುಂ ಅನ್ನುತ್ತೆ. ಆದರೆ ಬಾಟಲಿ ಎಸೆದವರು ಯಾವ ಹಕ್ಕಿನಿಂದ ಎಸೆದರು? "ಪಾಲಿಸಬೇಡ" ಅಂತ ಹಾಡಿದವನಿಗೆ "ನಾವು ಹೇಳಿದ್ದೇ ಹಾಡು" ಅಂದ ಹಾಗಾಯಿತು.


ಒಗ್ಗರಣೆ_ಡಬ್ಬಿ:

ಕ್ಯಾಸೆಟ್ ಸರ್ ಪಾಯಿಂಟ್ ಇದೆ, ಆದ್ರೂ ದುಡ್ಡು ಕೊಟ್ಟು ಬಂದವಳು ನಾನಾಗಿದ್ರೆ ಬಾಟಲಿ ಎಸೀತಿರಲಿಲ್ಲ, ಎದ್ದು ಹೋಗ್ತಿದ್ದೆ. ಎಸೆಯೋದಕ್ಕೂ ಹೋಗೋದಕ್ಕೂ ನಡುವೆ ಬಹಳ ಜಾಗ ಇದೆ.


ಹುಬ್ಬಳ್ಳಿ_ಪೆಡಲ್:

ಇವರು ಬಿಟ್ಟ ತಾಳ ಯಾರ್ಯಾರ ಮನಿ ಸೇರಿತು ನೋಡ್ರಿ. ಸ್ವೀಡನ್ನಿನ್ಯಾಗ ಆಂಟಿ ಸಿಮೆಕ್ಸ್, ಮಾಬ್ 47. ಅಲ್ಲೇ ಡಿಸ್ಚೇಂಜ್ ಅಂತ ಒಂದು ಬ್ಯಾಂಡು, ಒಂದಕ್ಷರ ಬದಲು ಮಾಡಿದ್ರ ಡಿಸ್ಚಾರ್ಜ್! ಆಮ್ಯಾಲೆ ಅವರು ಹೆಸರು ಬದಲಿ ಮಾಡಿ 'ಮೀನ್‌ವೈಲ್' ಅಂತ ಇಟಗೊಂಡ್ರು, ಅದೂ ಡಿಸ್ಚಾರ್ಜ್ ಹಾಡಿನ ಹೆಸರs. ಡಿಸ್‌ಫಿಯರ್ ಬ್ಯಾಂಡೂ ಅಲ್ಲಿಯದs. ಜಪಾನಿನ್ಯಾಗ ಡಿಸ್‌ಕ್ಲೋಸ್, ಕೋಚಿ ಊರಿನವರು. (ಕೇರಳದ ಕೊಚ್ಚಿ ಅಲ್ಲ, ಯಾರೋ ಹಿಂದ ಕೇಳಿದ್ರು.) ನಮ್ಮ ಕಡೆ ಒಂದು ಪ್ಯಾಟ್ಯಾಗ ಒಬ್ಬನ ಖಾನಾವಳಿ ನಡೀತೈತಿ ಅಂದ್ರ ಪಕ್ಕದಾಗ ಅದೇ ದೇವರ ಹೆಸರಿನ್ಯಾಗ 'ನ್ಯೂ', 'ಶ್ರೀ', 'ಒರಿಜಿನಲ್' ಅಂತ ಬೋರ್ಡು ಬೀಳತಾವಲ್ಲ, ಹಂಗ. ಇಲ್ಲೊಂದು ಫರಕ್ ಐತಿ, ಇವರು ಗಿರಾಕಿ ಕಸಗೊಳ್ಳಾಕ ಇಟ್ಟಿದ್ದಲ್ಲ, ಗುರುವಿನ ಹೆಸರು ಹಣಿಗೆ ಹಚ್ಚಿಕೊಂಡಿದ್ದು.

ಮೆಟಲ್ ಕಡೆ ಆಂಥ್ರಾಕ್ಸ್ 1991ರಾಗ 'ಪ್ರೊಟೆಸ್ಟ್ ಅಂಡ್ ಸರ್ವೈವ್' ಬಾರಿಸಿದ್ರು. 2011ರ ಅಕ್ಟೋಬರ್ 30ಕ್ಕ ಬೆಂಗಳೂರು ಪ್ಯಾಲೇಸ್ ಗ್ರೌಂಡಿಗೆ ಮೆಟಾಲಿಕಾ ಬಂದಾಗ ನಾ ರಾತ್ರಿ ಬಸ್ಸಿಗೆ ಹೋಗಿದ್ದೆ. ಮಳಿ ಆಗಿ ಮೊಣಕಾಲ ಮಟ ಕೆಸರಿದ್ರೂ ಹೋಗಾಂವನs. ಮುಂದ ನಿಂತಿದ್ದ ಒಬ್ಬ ಹುಡುಗನ ಜಾಕೆಟ್ ಬೆನ್ನಿಗೆ ಡಿಸ್ಚಾರ್ಜ್ ಪ್ಯಾಚ್ ಹೊಲದಿದ್ರು, ಕೈಯಿಂದ ಹೊಲದದ್ದು, ದಾರ ಹೊರಗ ಕಾಣತಿತ್ತು. ಹೆಗಲ ತಟ್ಟಿದೆ. ತಿರುಗಿ ನೋಡಿ ನಕ್ಕ. ಮಾತಾಡಾಕ ಗದ್ದಲದಾಗ ಆಗಲಿಲ್ಲ. ನಾ ಅಂವನ ಬೆನ್ನ ಮ್ಯಾಲೆ ಬೆರಳಿನಿಂದ 1, 3, 4, 6, 7 ಬಾರಿಸಿದೆ. ಅಂವಗ ತಿಳೀತು.


ಒಗ್ಗರಣೆ_ಡಬ್ಬಿ:

ಅಯ್ಯೋ, ಪ್ಯಾಚ್ ಬಗ್ಗೆ ಬೈದ ಮೇಲೆ ಇಂಥದ್ದು ಹಾಕ್ತೀರಲ್ಲ.


ಟ್ರೆಂಟ್_ದಂಡೆ:

ಅವರು ಈಗ ಇದ್ದಾರಾ, ನಿಲ್ಲಿಸಿದ್ರಾ?


ಸುತ್ತಿಗೆ_ಗುಂಡಣ್ಣ:

1986ರಲ್ಲೇ ಕಥೆ ಮುಗೀಲಿಲ್ಲ ಅಕ್ಕ. 1991ರಲ್ಲಿ 'ಮ್ಯಾಸೇಕರ್ ಡಿವೈನ್', 1993ರಲ್ಲಿ 'ಶೂಟಿನ್ ಅಪ್ ದ ವರ್ಲ್ಡ್', ಎರಡೂ ಮೆಟಲ್. ಹೆಚ್ಚು ಹೇಳೋಕೇನಿಲ್ಲ. 2001ರ ಸುಮಾರಿಗೆ ಕ್ಯಾಲ್, ಬೋನ್ಸ್, ರೈನಿ, ಟೆಜ್ ನಾಲ್ಕೂ ಜನ ಮತ್ತೆ ಸೇರಿದ್ರು. 2002ರಲ್ಲಿ ಬರೀ 'ಡಿಸ್ಚಾರ್ಜ್' ಅನ್ನೋ ಹೆಸರಲ್ಲಿ ಆಲ್ಬಮ್ ಬಂತು, ಹಳೇ ಏಟು ವಾಪಸ್. ಆಮೇಲೆ ಕ್ಯಾಲ್ ಬಿಟ್ಟು, ವರೂಕರ್ಸ್‌ನ ರ‍್ಯಾಟ್ ಮೈಕ್ ಹಿಡಿದ, 2008ರಲ್ಲಿ 'ಡಿಸೆನ್ಸಿಟೈಸ್'. 2014ರಿಂದ ಜೆಜೆ ಜಾನಿಯಾಕ್ ಹಾಡೋನು. 2016ರ 'ಎಂಡ್ ಆಫ್ ಡೇಸ್' ಕೇಳಿ. ಟೆಜ್ ಅದರಲ್ಲಿ ಎರಡನೇ ಗಿಟಾರ್! ಹಾಡಿ, ಡ್ರಮ್ ಬಾರಿಸಿ, ಈಗ ಗಿಟಾರ್. ಅದೇ ಕುರ್ಚಿ ಆಟ.

'ಎಂಡ್ ಆಫ್ ಡೇಸ್' ಚೆನ್ನಾಗಿದೆ, ನಿಜವಾಗ್ಲೂ. ಕ್ಯಾಸೆಟ್ ಸರ್ ಅಂದ ಗೋಡೆ ಅಲ್ಲೇ ಇದೆ, ಇವರು ತಿರುಗಿ ಅದರ ಹತ್ತಿರಾನೇ ಬಂದು ಮನೆ ಕಟ್ಟಿಕೊಂಡಿದಾರೆ. ಅದು ನನ್ನ ವಾದಕ್ಕೆ ಬಲವೋ ಅವರ ವಾದಕ್ಕೋ ಗೊತ್ತಾಗ್ತಿಲ್ಲ.


ಹಳೇ_ಕ್ಯಾಸೆಟ್:

ನನ್ನದಕ್ಕೆ.


ಕರಾವಳಿ_ಕಿವುಡ:

ಅಂತೂ ಆ ಎಂಬತ್ತೆರಡರದ್ದು ಪೂರ್ತಿ ಕೇಳಿದೆ ಮಾರಾಯ್ರೆ. ಒಲೆ ಮೇಲೆ ಕುಚ್ಚಲಕ್ಕಿ ಗಂಜಿಗೆ ಇಟ್ಟು, ಇಯರ್‌ಫೋನ್ ಹಾಕಿ ಕೂತದ್ದು. 14 ಹಾಡೂ ಮುಗಿಯಿತು, ಅಕ್ಕಿ ಇನ್ನೂ ಅರ್ಧ ಸಹ ಬೆಂದಿಲ್ಲ. ಇಷ್ಟು ಅವಸರದ ಜನ ನಮ್ಮ ಕಡೆ ಹುಟ್ಟಿದ್ದರೆ ಉಪವಾಸ ಸಾಯುತ್ತಿದ್ದರು.

ಹಾಗೆ, ಗಂಜಿ ಬೇಯುವ ತನಕ ಏನು ಮಾಡುವುದು ಅಂತ ಇನ್ನೊಮ್ಮೆ ಹಾಕಿದೆ. ಆ 5ಕ್ಕೆ ಕಾಲು ಬೀಳುವುದಿಲ್ಲ ಅಂತ ಗೊತ್ತಿದ್ದೂ ಕಾಯುತ್ತೇನೆ, ಏನು ಕರ್ಮ. ಅಮ್ಮ ಬಂದು "ಕಾಲು ಯಾಕೆ ಹಾಗೆ ಅದುರಿಸ್ತೀಯಾ, ಮನೆಗೆ ದರಿದ್ರ" ಅಂತ ಮೊಣಕಾಲಿಗೆ ಸೌಟಿನಲ್ಲಿ ಒಂದು ಕೊಟ್ಟರು. ಸರಿಯಾಗಿ 5ಕ್ಕೇ ಬಿತ್ತು.